ಲಕ್ವದ ಬೆನ್ನಿಗೆ ಬರುವ ಸನ್ನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರ ಅವಗಾಹನೆಗೆ

ವಿಷಯ: ಪಾರ್ಶ್ವವಾಯು (ಲಕ್ವ) ರೋಗಿಗಳಲ್ಲಿ ಕಾಣಿಸಿಕೊಳ್ಳುವ ಸನ್ನಿಯನ್ನು (ಬುದ್ಧಿ ಹಠಾತ್ತನೆ ಕದಡುವುದನ್ನು) ಪ್ರತಿದಿನ ಪರೀಕ್ಷಿಸಿ ದಾಖಲಿಸುವ ಬಗ್ಗೆ

ಮಾನ್ಯರೇ,

ನಾನು ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರ ಮಗಳು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಳೆದ ಡಿಸೆಂಬರಿನಲ್ಲಿ, ಕೊನೆ (ಅಡಿಕೆ ಗೊನೆ) ಕೊಯ್ಲಿನ ಗಡಿಬಿಡಿಯ ನಡುವೆ, 74 ವರ್ಷದ ನನ್ನ ತಂದೆಯವರಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಬಿದ್ದುಹೋದವು. ಹದಿಮೂರು ದಿನ ಆಸ್ಪತ್ರೆಯಲ್ಲಿದ್ದು ಅವರು ಜೀವಂತವಾಗಿ ಮನೆಗೆ ಮರಳಿದ್ದಾರೆ. ಅದಕ್ಕಾಗಿ ಅಲ್ಲಿನ ವೈದ್ಯರಿಗೂ ಶುಶ್ರೂಷಾ ಸಿಬ್ಬಂದಿಗೂ ನಮ್ಮ ಮನೆಯವರೆಲ್ಲ ಋಣಿಗಳು. ಆದರೆ ಮೂರನೆಯ ರಾತ್ರಿಯಿಂದ ಒಂಬತ್ತನೆಯ ದಿನದವರೆಗೆ ಅವರ ಬುದ್ಧಿಗೆ ಏನಾಗಿತ್ತು, ಯಾಕಾಗಿತ್ತು, ಅದಕ್ಕೆ ಏನು ಚಿಕಿತ್ಸೆ ನಡೆಯಿತು ಎಂಬುದರ ಬಗ್ಗೆ ನಮ್ಮ ಕೈಗಿತ್ತ ನಾಲ್ಕು ಪುಟದ ಡಿಸ್ಚಾರ್ಜ್ ಸಮರಿಯಲ್ಲಿ ಒಂದಕ್ಷರವೂ ಇಲ್ಲ. ಆ ಬರೆಯದೇ ಉಳಿದ ದಿನಗಳ ಕುರಿತಾಗಿಯೇ ಈ ಪತ್ರ. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಒಂದು ಆಸ್ಪತ್ರೆಗೆ ನೋಟಿಸ್ ಕೊಟ್ಟು ಕಡತ ಮುಚ್ಚಿಬಿಟ್ಟರೆ ನಾನು ಕೇಳುತ್ತಿರುವುದು ಸಿಕ್ಕಂತಾಗುವುದಿಲ್ಲ. ಇಂಥ ಅನುಭವ ನಮ್ಮ ಊರಿನ ಸುತ್ತಮುತ್ತ ಬೇರೆ ಬೇರೆ ಆಸ್ಪತ್ರೆಗಳಿಗೆ ಹೋಗಿಬಂದ ಮೂರು ಮನೆಗಳಲ್ಲಾದರೂ ಆಗಿದೆ.

ಮನೆಯಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಸಿ.ಟಿ. ಸ್ಕ್ಯಾನ್ ಇರುವ ನಗರಕ್ಕೆ ತಲುಪುವಷ್ಟರಲ್ಲಿ ಆರು ಗಂಟೆ ಕಳೆದಿತ್ತು. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಇರುವ ನಾಲ್ಕೂವರೆ ಗಂಟೆಯ ಗಡುವು ಮೀರಿಹೋಗಿತ್ತು. ಅದು ಬೇರೆಯೇ ಪತ್ರದ ವಿಷಯ. ಮೊದಲೆರಡು ದಿನ ಅಪ್ಪ ನಮ್ಮೆಲ್ಲರನ್ನೂ ಗುರುತಿಸುತ್ತಿದ್ದರು. ಮಾತು ತುಸು ತೊದಲಿದರೂ ಅರ್ಥಬದ್ಧವಾಗಿತ್ತು. ಕೊಯ್ಲಿಗೆ ಬಂದ ಕೊನೆಗೌಡನಿಗೆ ಕೂಲಿ ಕೊಟ್ಟಿರಾ ಎಂದು ಎರಡು ಸಲ ವಿಚಾರಿಸಿದ್ದರು.

ಪುರುಷರ ವಾರ್ಡಿನಲ್ಲಿ ರಾತ್ರಿ ಒಂಬತ್ತರ ಮೇಲೆ ಹೆಂಗಸರು ಇರುವಂತಿಲ್ಲ ಎಂಬುದು ಅಲ್ಲಿನ ನಿಯಮ. ತಮ್ಮ ಪುಣೆಯಿಂದ ಬಂದು ತಲುಪಿರಲಿಲ್ಲ. ಹಾಗಾಗಿ ಅಪ್ಪನ ಹತ್ತಿರ ನಮ್ಮವರು ಯಾರೂ ಇಲ್ಲದ ಆ ಮೂರನೆಯ ರಾತ್ರಿ ನಾನು ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದೆ. ಎರಡು ಗಂಟೆಯ ಸುಮಾರಿಗೆ ಆಯಾ ಬಂದು, "ನಿಮ್ಮಪ್ಪ ಗಲಾಟೆ ಮಾಡ್ತಿದಾರೆ, ಬನ್ನಿ" ಎಂದರು. ಹೋಗಿ ನೋಡಿದರೆ ಅಪ್ಪ ಡ್ರಿಪ್ಪಿನ ನಳಿಕೆಯನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡು ಬಿಗಿಯಾಗಿ ಜಗ್ಗಿ ಹಿಡಿದಿದ್ದರು. ಸೂಜಿಯ ಬಾಯಿಂದ ರಕ್ತ ಹಾಸಿಗೆಗೆ ಇಳಿಯುತ್ತಿತ್ತು. ಕಣ್ಣು ಸೂರಿನ ಫ್ಯಾನಿನ ಮೇಲಿತ್ತು. "ಹಗ್ಗ ಸಡಿಲ ಬಿಡಬೇಡ, ಕೊನೆ ಇಳೀತಾ ಇದೆ" ಎಂದು ನನಗೇ ಹೇಳಿದರು. ಅಡಿಕೆ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮರದ ಮೇಲೆ ಕೊಯ್ದ ಕೊನೆ ಹಗ್ಗದ ಗುಂಟ ಜಾರಿ ಬರುವಾಗ ಕೆಳಗೆ ಒಬ್ಬರು ಹಗ್ಗವನ್ನು ಎಳೆದು ಹಿಡಿದಿರಬೇಕು. ಸಡಿಲಾದರೆ ಕೊನೆ ನೆಲಕ್ಕೆ ಬಡಿದು ಅಡಿಕೆ ಉದುರುತ್ತದೆ. ಐವತ್ತು ವರ್ಷ ಮಾಡಿದ ಆ ಕೆಲಸವನ್ನು ಅವರು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಮಾಡುತ್ತಿದ್ದರು.

ಆ ರಾತ್ರಿ ಆ ವಾರ್ಡಿನ ನಲವತ್ತು ರೋಗಿಗಳಿಗೆ ಇದ್ದವರು ಇಬ್ಬರು ನರ್ಸುಗಳು. ಅವರಲ್ಲೊಬ್ಬರು ಗಾಜ್ ಬಟ್ಟೆ ತಂದು ಅಪ್ಪನ ಬಲಗೈಯನ್ನು ಮಂಚದ ಕಂಬಿಗೆ ಕಟ್ಟಿದರು. ಗಂಟು ಹಾಕುವಾಗ ಆ ಕೈಯನ್ನು ಒತ್ತಿ ಹಿಡಿದವಳು ನಾನೇ. ಎಡಗೈಯನ್ನು ಲಕ್ವ ಕಟ್ಟಿತ್ತು, ಇದ್ದ ಇನ್ನೊಂದು ಕೈಯನ್ನು ನಾವು ಕಟ್ಟಿದೆವು. ಆಮೇಲೆ ಒಂದು ಇಂಜೆಕ್ಷನ್ ಕೊಟ್ಟರು. ಯಾವುದೆಂದು ಕೇಳಿದ್ದಕ್ಕೆ "ನಿದ್ದೆಗೆ" ಎಂಬ ಉತ್ತರ ಬಂತು. ಮರುದಿನ ಕೇಸ್ ಶೀಟಿನಲ್ಲಿ ಕಂಡದ್ದು, ರೋಗಿ ಸಹಕರಿಸುತ್ತಿಲ್ಲ ಎಂಬರ್ಥದ ಎರಡು ಇಂಗ್ಲಿಷ್ ಪದಗಳು ಮಾತ್ರ. ಕೈ ಕಟ್ಟಿದ್ದು ಎಷ್ಟು ಹೊತ್ತಿಗೆ, ಯಾರ ಆದೇಶದ ಮೇಲೆ, ಬಿಚ್ಚಿದ್ದು ಯಾವಾಗ ಎಂಬುದು ಎಲ್ಲಿಯೂ ಇರಲಿಲ್ಲ. ಬಿಚ್ಚಿದ್ದು ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ. ಬಿಚ್ಚಿದವಳೂ ನಾನೇ ಆದ್ದರಿಂದ ಗೊತ್ತು.

ಅನಂತರದ ಮೂರು ದಿನ ಅಪ್ಪ ಸುಮ್ಮನಾದರು. ರೌಂಡ್ಸಿಗೆ ಬಂದವರು "ಈಗ ಶಾಂತವಾಗಿದ್ದಾರಲ್ಲ" ಎಂದು ಮುಂದೆ ಹೋಗುತ್ತಿದ್ದರು. ನಮಗೂ ಮೊದಮೊದಲು ಹಾಗೆಯೇ ಅನ್ನಿಸಿತು. ಹಗಲೆಲ್ಲ ಮಂಪರು, ಬಾಯಿಗಿಟ್ಟ ಗಂಜಿಯನ್ನು ನುಂಗಲು ಮರೆತು ಹಾಗೇ ಇಟ್ಟುಕೊಳ್ಳುವುದು, ಕರೆದರೆ ಕಣ್ಣು ಬಿಟ್ಟು, ಮಾತು ಮುಗಿಯುವುದರೊಳಗೆ ಮತ್ತೆ ಮುಚ್ಚುವುದು, ಎಚ್ಚರವಿದ್ದ ಹೊತ್ತಿನಲ್ಲಿ ಹೊದಿಕೆಯ ಅಂಚಿನ ನೂಲನ್ನು ಬೆರಳುಗಳಿಂದ ಹೆಕ್ಕುತ್ತಿರುವುದು. ನೋಡಲು ಬಂದ ನೆಂಟರಲ್ಲಿ ಒಬ್ಬರು ಗಾಳಿ ಸೋಕಿದೆ ಎಂದರು, ಇನ್ನೊಬ್ಬರು ಮರುಳು ಶುರುವಾಯಿತು, ಇನ್ನು ಇಷ್ಟೇ ಎಂದರು. ಅಮ್ಮ ಊರಿನ ದೇವಸ್ಥಾನದಿಂದ ತರಿಸಿದ ಭಸ್ಮವನ್ನು ದಿಂಬಿನ ಕೆಳಗೆ ಇಟ್ಟರು.

ಆರನೆಯ ರಾತ್ರಿ ಪಾಳಿಗೆ ಬಂದ ಯುವ ನರ್ಸೊಬ್ಬರು ಅಪ್ಪನ ತಲೆಯ ಹತ್ತಿರ ಬಾಗಿ, "ಅಜ್ಜಾ, ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿ ನೋಡೋಣ, ಭಾನುವಾರದಿಂದ" ಎಂದರು. ಅಪ್ಪ "ಭಾನುವಾರ, ಶನಿವಾರ" ಎಂದು ಅಲ್ಲಿಗೇ ನಿಂತರು. ಮತ್ತೆ "ಶನಿವಾರ" ಎಂದರು. ಆಮೇಲೆ ಇಲ್ಲ. ಆ ಹುಡುಗಿ ನಮ್ಮನ್ನು ಮೊದಲು ಕೇಳಿದ್ದು ಒಂದು ಪ್ರಶ್ನೆ: ಇವರು ಮೊದಲೂ ಹೀಗೇ ಇದ್ದರೇ, ಅಥವಾ ಈ ನಾಲ್ಕು ದಿನಗಳಲ್ಲಿ ಹೀಗಾದರೇ? ಆರು ದಿನಗಳಲ್ಲಿ ಈ ಪ್ರಶ್ನೆಯನ್ನು ಕೇಳಿದ ಮೊದಲಿಗರು ಅವರು. ಬಳಿಕ ಮೂತ್ರದ ಚೀಲವನ್ನು ಬೆಳಕಿಗೆ ಹಿಡಿದು ನೋಡಿದರು, ಅದು ಕದಡಿತ್ತು. ಕೊನೆಯ ಸಲ ಮಲವಿಸರ್ಜನೆ ಆದದ್ದು ಯಾವಾಗ ಎಂದು ವಿಚಾರಿಸಿದರು, ದಾಖಲಾದಂದಿನಿಂದ ಆಗಿರಲಿಲ್ಲ. ಕನ್ನಡಕವೂ ಕಿವಿಯ ಯಂತ್ರವೂ ಎಲ್ಲಿ ಎಂದರೆ, ಕಳೆದುಹೋದಾವೆಂದು ಮೊದಲ ದಿನವೇ ಅವನ್ನು ನಮ್ಮ ಕೈಗೆ ಕೊಟ್ಟಿದ್ದರಿಂದ ಚೀಲದಲ್ಲಿ ಭದ್ರವಾಗಿದ್ದವು. ಅವರು ಡ್ಯೂಟಿ ಡಾಕ್ಟರನ್ನು ಕರೆಸಿದರು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಮೂತ್ರಕ್ಕೆ ಹಾಕಿದ್ದ ನಳಿಕೆ (ಕ್ಯಾಥೆಟರ್) ತೆಗೆದರು, ಸೋಂಕಿಗೆ ಔಷಧ ಕೊಟ್ಟರು, ಎನಿಮಾ ಕೊಟ್ಟರು, ನಿದ್ದೆಯ ಇಂಜೆಕ್ಷನ್ ನಿಲ್ಲಿಸಿದರು, ಕನ್ನಡಕ ಹಾಕಿಸಿದರು. ಒಂಬತ್ತನೆಯ ದಿನ ಬೆಳಿಗ್ಗೆ ಅಪ್ಪ ನನ್ನ ಹೆಸರು ಹಿಡಿದು ಕರೆದು, ಶಾಲೆಗೆ ರಜೆ ಹಾಕಿದ್ದೀಯಾ ಎಂದು ಕೇಳಿದರು.

ಮಾನ್ಯರೇ, ಇದಕ್ಕೆ ವೈದ್ಯಶಾಸ್ತ್ರದಲ್ಲಿ ಡೆಲಿರಿಯಂ ಎಂಬ ಹೆಸರಿದೆ; ನಮ್ಮ ಭಾಷೆಯಲ್ಲಿ ಅದಕ್ಕಿಂತ ಹಳೆಯದಾದ ಸನ್ನಿ ಎಂಬ ಮಾತಿದೆ. ಜ್ವರ ಏರಿದಾಗ ಬಡಬಡಿಸುವವರನ್ನು ಕಂಡು ನಮ್ಮ ಅಜ್ಜಿಯರು ಸನ್ನಿ ಹಿಡಿದಿದೆ ಎಂದು ಹೆದರುತ್ತಿದ್ದರು, ಆ ಹೆದರಿಕೆಗೆ ಆಧಾರವಿತ್ತು. ಮನಸ್ಸಿನ ಎಚ್ಚರ, ಗಮನ, ತಿಳಿವಳಿಕೆ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕದಡುವುದು, ದಿನದ ಒಂದು ಹೊತ್ತು ನೆಟ್ಟಗಿದ್ದು ಇನ್ನೊಂದು ಹೊತ್ತು ಹದಗೆಡುವುದು ಇದರ ಗುರುತು. ವರ್ಷಗಟ್ಟಲೆ ನಿಧಾನವಾಗಿ ಬರುವ ಮರೆಗುಳಿತನ ಬೇರೆ, ಇದು ಬೇರೆ. ಗಲಾಟೆ ಮಾಡುವ ಸನ್ನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸುಮ್ಮನೆ ಮಲಗಿರುವ ಸನ್ನಿಯೂ ಉಂಟು, ಒಂದೇ ರೋಗಿಯಲ್ಲಿ ಎರಡೂ ಸರದಿಯಲ್ಲಿ ಬರುವುದೂ ಉಂಟು. ಸುಮ್ಮನಿರುವವರು ಯಾರಿಗೂ ತೊಂದರೆ ಕೊಡುವುದಿಲ್ಲವಾದ್ದರಿಂದ ಅವರ ಕಾಯಿಲೆಯನ್ನು ಯಾರೂ ಕೇಳುವುದಿಲ್ಲ.

ಇದು ಎಲ್ಲೋ ಒಬ್ಬಿಬ್ಬರಿಗೆ ಆಗುವುದು, ವಯಸ್ಸಾದವರಲ್ಲಿ ಸಹಜ ಎಂದು ನಮಗೆ ಹೇಳಲಾಯಿತು. ಹಾಗಲ್ಲ ಎಂಬುದನ್ನು ನಾನು ಓದಿ ತಿಳಿದೆ. 2019ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ಪಾರ್ಶ್ವವಾಯುವಿನ ಆರಂಭದ ದಿನಗಳ ಬಗ್ಗೆ ನಡೆದ 32 ಅಧ್ಯಯನಗಳ 6,718 ರೋಗಿಗಳನ್ನು ಒಟ್ಟುಗೂಡಿಸಿ ನೋಡಿ, ಶೇ. 25ರಷ್ಟು ಜನರಲ್ಲಿ ಸನ್ನಿ ಕಾಣಿಸಿಕೊಂಡಿದೆ ಎಂದು ಅಂದಾಜಿಸಿದೆ. ಅಂದರೆ ನಾಲ್ಕು ಮಂಚಕ್ಕೆ ಒಂದು. ಅದಕ್ಕೂ ಮೊದಲು, 2012ರ ಇನ್ನೊಂದು ವಿಮರ್ಶೆಯಲ್ಲಿ ಬೇರೆ ಬೇರೆ ಅಧ್ಯಯನಗಳ ಸಂಖ್ಯೆ ಶೇ. 2.3ರಿಂದ ಶೇ. 66ರವರೆಗೆ ಹರಡಿತ್ತು. ಗಣಿತದವಳಾದ ನನಗೆ ಈ ಎರಡನೆಯದೇ ಹೆಚ್ಚು ಮಾತಾಡುವ ಅಂಕಿ. ಒಂದೇ ಕಾಯಿಲೆಯ ಲೆಕ್ಕ ಇಷ್ಟು ಏರುಪೇರಾಗಬೇಕಾದರೆ ರೋಗಿಗಳ ವಯಸ್ಸು, ಲಕ್ವದ ತೀವ್ರತೆ ಇವುಗಳ ವ್ಯತ್ಯಾಸದ ಜೊತೆಗೆ, ಯಾರು, ಯಾವ ಪರೀಕ್ಷೆಯಿಂದ, ಎಷ್ಟು ಸಲ ನೋಡಿದರು ಎಂಬುದೂ ಸೇರಿರಲೇಬೇಕು. ದಿನಕ್ಕೊಮ್ಮೆಯೂ ನೋಡದ ವಾರ್ಡಿನಲ್ಲಿ ಸಿಗುವ ಉತ್ತರ ಸೊನ್ನೆ. ನನ್ನ ತಂದೆ ಆ ಸೊನ್ನೆಯೊಳಗಿದ್ದಾರೆ.

ಹೀಗಾದವರ ಮುಂದಿನ ಗತಿಯೂ ಹಗುರವಾದುದಲ್ಲ. 2012ರಲ್ಲೇ ಬಂದ ಮತ್ತೊಂದು ವಿಶ್ಲೇಷಣೆಯ ಪ್ರಕಾರ, ಲಕ್ವದ ಜೊತೆ ಸನ್ನಿಯೂ ಬಂದವರಲ್ಲಿ ಆಸ್ಪತ್ರೆಯಲ್ಲೇ ಸಾವು ಸಂಭವಿಸುವ ಸಾಧ್ಯತಾ ಅನುಪಾತ (ಸತ್ತವರಿಗೂ ಬದುಕುಳಿದವರಿಗೂ ಇರುವ ಪ್ರಮಾಣ) ಉಳಿದವರದರ ಸುಮಾರು 4.7 ಪಟ್ಟು ಇತ್ತು, ಆಸ್ಪತ್ರೆವಾಸ ಸರಾಸರಿ ಒಂಬತ್ತು ದಿನ ಹೆಚ್ಚಾಗಿತ್ತು. ಇದರಲ್ಲಿ ಸನ್ನಿಯದೇ ಪಾಲು ಎಷ್ಟು, ಮೂಲದ ಲಕ್ವವೇ ದೊಡ್ಡದಾಗಿದ್ದರಿಂದ ಆದದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಯಾರ ಮೇಲೆ ಹೆಚ್ಚು ಕಣ್ಣಿಡಬೇಕು ಎಂದು ತೋರಿಸಲು ಇಷ್ಟು ಸಾಕು. ವಯಸ್ಸಾದವರು, ಮೊದಲೇ ಮರೆವು ಇದ್ದವರು, ದೊಡ್ಡ ಲಕ್ವ ಬಡಿದವರು, ದೇಹದ ಒಂದು ಬದಿಯೇ ಗಮನಕ್ಕೆ ಬಾರದವರು, ಕಣ್ಣು ಕಿವಿ ಮಂದವಾದವರು, ಮೂತ್ರಕ್ಕೆ ಕ್ಯಾಥೆಟರ್ ಹಾಕಿಸಿಕೊಂಡವರು, ನ್ಯುಮೋನಿಯಾ ಅಥವಾ ಮೂತ್ರದ ಸೋಂಕು ತಗುಲಿದವರು ಈ ಪಟ್ಟಿಯಲ್ಲಿ ಮೊದಲು ಬರುತ್ತಾರೆ. ಮೆದುಳಿನ ಬಲಭಾಗದ ರಕ್ತನಾಳ ಕಟ್ಟಿಕೊಂಡಾಗ ಇಂಥ ಗೊಂದಲ ಉಂಟಾಗಬಹುದೆಂದು 1976ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗಿದೆ. ಅಪ್ಪ ಈ ಪಟ್ಟಿಯ ಐದಾರು ಸಾಲುಗಳಿಗೆ ಹೊಂದುತ್ತಿದ್ದರು, ದಾಖಲಾದ ದಿನವೇ ಇದನ್ನು ಊಹಿಸಬಹುದಿತ್ತು.

ಪರೀಕ್ಷೆ ದುಬಾರಿಯೇ? ಎಡಿನ್‌ಬರೋದಲ್ಲಿ ರೂಪುಗೊಂಡ ‘4ಎಟಿ’ ಎಂಬ ಪರೀಕ್ಷೆಗೆ ಶುಲ್ಕವಿಲ್ಲ, ಯಂತ್ರ ಬೇಕಿಲ್ಲ, ಎರಡು ನಿಮಿಷ ಸಾಕು. ಎಚ್ಚರದ ಮಟ್ಟ ನೋಡುವುದು. ವಯಸ್ಸು, ಹುಟ್ಟಿದ ದಿನಾಂಕ, ಈಗಿರುವ ಜಾಗ, ನಡೆಯುತ್ತಿರುವ ವರ್ಷ ಕೇಳುವುದು. ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸುವುದು. ಬದಲಾವಣೆ ಇತ್ತೀಚಿನದೇ ಎಂದು ಮನೆಯವರನ್ನು ವಿಚಾರಿಸುವುದು. ಒಟ್ಟು 12 ಅಂಕದಲ್ಲಿ 4 ಅಥವಾ ಹೆಚ್ಚು ಬಂದರೆ ಸನ್ನಿ ಇರಬಹುದು ಎಂದು ವೈದ್ಯರು ಮುಂದಿನ ತಪಾಸಣೆ ಮಾಡಬೇಕು.

ಆದರೆ ಈ ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಹಾಗೆಯೇ ಇಳಿಸಿಕೊಂಡರೆ ನಮ್ಮ ಹಳ್ಳಿಯ ಹಿರಿಯರಿಗೆ ಅನ್ಯಾಯವಾಗುತ್ತದೆ ಎಂಬುದನ್ನೂ ಹೇಳಬೇಕು. ನನ್ನ ತಂದೆಯ ಆಧಾರ್ ಚೀಟಿಯಲ್ಲಿರುವ ಜನ್ಮದಿನ ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಬರೆದುಕೊಂಡದ್ದು. ಆರೋಗ್ಯವಾಗಿದ್ದಾಗಲೂ ಅಪ್ಪನಿಗೆ ಅದು ನೆನಪಿರಲಿಲ್ಲ. ಅಮ್ಮನಿಗೆ ಚೈತ್ರ, ವೈಶಾಖ ಬಾಯಿಪಾಠ, ಜನವರಿ, ಫೆಬ್ರವರಿ ಅಲ್ಲ. ಮಾತೇ ಬಿದ್ದುಹೋದ ಲಕ್ವ ರೋಗಿಯನ್ನು ಪ್ರಶ್ನೆ ಕೇಳಿ ಅಳೆಯುವುದಂತೂ ಇನ್ನೂ ಕಷ್ಟ. ಅಲ್ಲಿ ಎಚ್ಚರದ ಏರಿಳಿತವನ್ನೂ ಮನೆಯವರ ಮಾತನ್ನೂ ಹೆಚ್ಚು ನಂಬಬೇಕಾಗುತ್ತದೆ. ಆ ನರ್ಸು ವಾರದ ದಿನಗಳನ್ನು ಕೇಳಿದ್ದು ಎಷ್ಟು ಸರಿಯಾಗಿತ್ತೆಂದರೆ, ವಾರ ಗೊತ್ತಿಲ್ಲದ ಕೃಷಿಕರು ನಮ್ಮಲ್ಲಿಲ್ಲ. ಸಂತೆಯ ದಿನ ತಪ್ಪಿದರೆ ವಾರವೇ ತಪ್ಪುತ್ತದೆ.

ಇನ್ನು ಕೈ ಕಟ್ಟುವ ವಿಚಾರ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 97ನೆಯ ಕಲಮು, ರೋಗಿಯನ್ನು ಕಟ್ಟಿಹಾಕುವುದಕ್ಕೆ ಸ್ಪಷ್ಟವಾದ ಮಿತಿ ಹಾಕಿದೆ: ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚಿಲ್ಲದಂತೆ, ಕಾರಣವನ್ನು ದಾಖಲಿಸಿ. ಈ ಕಲಮು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಸಂಬಂಧಿಸಿದ್ದು. ನರರೋಗದ ವಾರ್ಡಿನಲ್ಲಿ ಮಲಗಿರುವ ಮುದುಕನಿಗೆ ಅಷ್ಟು ರಕ್ಷಣೆಯೂ ದೊರೆಯದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ನಿದ್ದೆಯ ಮದ್ದಿನ ವಿಷಯದಲ್ಲೂ ಅಷ್ಟೆ. ಲೊರಾಜೆಪಾಮ್ ಗುಂಪಿನ ಔಷಧಗಳು, ಕುಡಿತ ಬಿಟ್ಟಾಗ ಬರುವಂಥ ಸನ್ನಿಯ ಹೊರತು, ಗೊಂದಲವನ್ನು ಹೆಚ್ಚಿಸುವ ಸಂಭವವೇ ಜಾಸ್ತಿ. 2018ರಲ್ಲಿ ಪ್ರಕಟವಾದ, ತೀವ್ರ ನಿಗಾ ಘಟಕದ ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಎಂಬ ಔಷಧ ಸನ್ನಿಯ ಅವಧಿಯನ್ನು ಕಡಿಮೆ ಮಾಡಲಿಲ್ಲ. ರೋಗಿ ತನಗೋ ಇತರರಿಗೋ ಅಪಾಯ ತಂದುಕೊಳ್ಳುವಾಗ ಅಲ್ಪಕಾಲ ಔಷಧ ಬೇಕಾಗಬಹುದು, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಮೂತ್ರದ ಚೀಲವನ್ನು ಬೆಳಕಿಗೆ ಹಿಡಿದು ನೋಡುವ ಮೊದಲೇ ಸಿರಿಂಜು ಕೈಗೆತ್ತಿಕೊಂಡದ್ದನ್ನು ಪ್ರಶ್ನಿಸುತ್ತಿದ್ದೇನೆ.

ತಡೆಯುವ ದಾರಿಯೂ ಇದೆ. ಅಮೆರಿಕದ ಯೇಲ್‌ನಲ್ಲಿ 70 ದಾಟಿದ 852 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನ, ಜಾಗ ನೆನಪಿಸುವುದು, ಕನ್ನಡಕ ಮತ್ತು ಶ್ರವಣ ಯಂತ್ರ ಕೊಡುವುದು, ನೀರು ಕುಡಿಸುವುದು, ಎಬ್ಬಿಸಿ ಓಡಾಡಿಸುವುದು, ರಾತ್ರಿ ಔಷಧವಿಲ್ಲದೆ ನಿದ್ದೆ ಬರಿಸುವುದು ಇಷ್ಟರಿಂದಲೇ ಸನ್ನಿಯ ಪ್ರಮಾಣ ಶೇ. 15ರಿಂದ ಶೇ. 9.9ಕ್ಕೆ ಇಳಿಯಿತು. ಅದು ಲಕ್ವ ರೋಗಿಗಳಿಗೆಂದೇ ಮಾಡಿದ ಅಧ್ಯಯನವಲ್ಲ ನಿಜ. ಆದರೆ ಈ ಕೆಲಸಗಳಲ್ಲಿ ಹೆಚ್ಚಿನವನ್ನು ನಮ್ಮಲ್ಲಿ ಸಂಬಳವಿಲ್ಲದೆ ಮಾಡಲು ಸಿದ್ಧರಾದ ಹೆಂಡತಿ, ಮಗಳು, ಸೊಸೆ ಲಿಫ್ಟಿನ ಪಕ್ಕದ ಬೆಂಚಿನ ಮೇಲೆ ಕುಳಿತಿರುತ್ತಾರೆ. ಅವರನ್ನು ಒಳಗೆ ಬಿಡುವುದಕ್ಕೆ ಒಂದು ಪರದೆ ಬೇಕು.

ಸಿಬ್ಬಂದಿ ಸಾಲದು ಎಂಬ ಉತ್ತರ ಬರುತ್ತದೆಂದು ನನಗೆ ಗೊತ್ತು, ಅದು ಸುಳ್ಳೂ ಅಲ್ಲ. ಇಬ್ಬರು ನರ್ಸುಗಳು ನಲವತ್ತು ಜನರನ್ನು ನೋಡಿಕೊಳ್ಳುವುದನ್ನು ಕಣ್ಣಾರೆ ಕಂಡ ಮೇಲೆ ಅವರ ಮೇಲೆ ಸಿಟ್ಟಾಗಲು ನನಗೆ ಆಗಿಲ್ಲ. ಆದರೆ ಒಂಬತ್ತು ದಿನ ಹೆಚ್ಚುವರಿಯಾಗಿ ತುಂಬಿಕೊಂಡಿರುವ ಮಂಚ, ರಾತ್ರಿಯಿಡೀ ಕಿತ್ತುಹೋಗುವ ಡ್ರಿಪ್ಪುಗಳು, ಮತ್ತೆ ಮತ್ತೆ ಹಾಕಬೇಕಾದ ಮೂಗಿನ ನಳಿಕೆ, ಇವೆಲ್ಲ ಅದೇ ಇಬ್ಬರ ಹೆಗಲಿಗೇ ಬೀಳುತ್ತವಲ್ಲವೇ?

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ, ಸಾಧ್ಯವಾದರೆ ಖಾಸಗಿಯವುಗಳಲ್ಲೂ, ಪಾರ್ಶ್ವವಾಯುವಿನಿಂದ ದಾಖಲಾದ ಪ್ರತಿ ರೋಗಿಗೂ ಮೊದಲ ವಾರವಾದರೂ ದಿನಕ್ಕೊಮ್ಮೆ ಸನ್ನಿಯ ಪರೀಕ್ಷೆ ನಡೆಸಿ, ಅದರ ಅಂಕವನ್ನು ರಕ್ತದೊತ್ತಡದ ಪಕ್ಕದಲ್ಲೇ ಬರೆಯಲು ಸುತ್ತೋಲೆ ಹೊರಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 10ನೆಯ ಆವೃತ್ತಿಯಲ್ಲಿ ಇದಕ್ಕೆ ಎಫ್05 ಎಂಬ ಸಂಕೇತ ಇದ್ದೇ ಇದೆ. ಡಿಸ್ಚಾರ್ಜ್ ಸಮರಿಯಲ್ಲಿ ಲಕ್ವದ ಸಂಕೇತದ ಜೊತೆ ಅದನ್ನೂ ನಮೂದಿಸಿದರೆ, ಕರ್ನಾಟಕದಲ್ಲಿ ಎಷ್ಟು ಜನರಿಗೆ ಹೀಗಾಗುತ್ತಿದೆ ಎಂಬ ಲೆಕ್ಕ ಒಂದೇ ವರ್ಷದಲ್ಲಿ ತಮ್ಮ ಮೇಜಿನ ಮೇಲಿರುತ್ತದೆ. 2022ರಲ್ಲಿ ನಿಮ್ಹಾನ್ಸ್ ಸಹಯೋಗದಲ್ಲಿ ಸರ್ಕಾರವೇ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನ ವ್ಯಾಪ್ತಿಯಲ್ಲಿ ಪಾರ್ಶ್ವವಾಯು ಈಗಾಗಲೇ ಸೇರಿದೆ. ಓದು ಬರಹ ಬಾರದ ಹಿರಿಯರಿಗೂ ಮಾತು ಬಿದ್ದವರಿಗೂ ಸಲ್ಲುವ ಕನ್ನಡದ ಪರೀಕ್ಷೆಯನ್ನು ಸಿದ್ಧಪಡಿಸಿ ನರ್ಸುಗಳಿಗೆ ಕಲಿಸುವ ಕೆಲಸವನ್ನು ಅದಕ್ಕೇ ವಹಿಸಬಹುದು. ಸನ್ನಿ ಇರುವ ರೋಗಿಯ ಬಳಿ ರಾತ್ರಿಯೂ ಮನೆಯವರೊಬ್ಬರು, ಹೆಂಗಸಾಗಲಿ ಗಂಡಸಾಗಲಿ, ಇರಲು ಅವಕಾಶ ಕೊಡಬೇಕು. ಕೈ ಕಟ್ಟುವುದು ಅನಿವಾರ್ಯವಾದರೆ ವೈದ್ಯರ ಲಿಖಿತ ಆದೇಶ, ಕಟ್ಟಿದ ಮತ್ತು ಬಿಚ್ಚಿದ ಸಮಯ, ಕಾರಣ ಈ ಮೂರೂ ಕೇಸ್ ಶೀಟಿನಲ್ಲಿರಬೇಕು. ಮನೆಗೆ ಕಳಿಸುವಾಗ ಇದು ಮರುಳಲ್ಲ, ಗಾಳಿಯಲ್ಲ, ಕೆಲವು ವಾರ ಮತ್ತೆ ತಲೆದೋರಬಹುದು, ಹಾಗಾದರೆ ಸೋಂಕು ಇದೆಯೇ ಎಂದು ಮೊದಲು ನೋಡಿಸಿ ಎಂಬ ನಾಲ್ಕು ಸಾಲಿನ ಕನ್ನಡ ಚೀಟಿಯೊಂದನ್ನು ಕೊಡಬೇಕು.

ನಮ್ಮ ಬಳಿ ಇರುವ ಕೇಸ್ ಶೀಟಿನ ನಕಲು, ಮೂತ್ರ ಪರೀಕ್ಷೆಯ ವರದಿ, ಸಮರಿ ಎಲ್ಲವನ್ನೂ ಇಲಾಖೆಯ ಅಧಿಕಾರಿಗಳು ಕೇಳಿದರೆ ಸಲ್ಲಿಸಲು ಸಿದ್ಧಳಿದ್ದೇನೆ. ಅಪ್ಪ ಈಗ ಕೋಲೂರಿ ಅಂಗಳದವರೆಗೆ ನಡೆಯುತ್ತಾರೆ. ಆ ದಿನಗಳಲ್ಲಿ ಅವರಿಗೆ ನೆನಪಿರುವುದು ಸ್ವಲ್ಪವೇ. ಕಟ್ಟಿದ್ದು ಮಾತ್ರ ನೆನಪಿದೆ. ಯಾಕೆ ಕಟ್ಟಿದಿರಿ ಎಂದು ಹೋದ ವಾರ ಕೇಳಿದರು. ಅವರಿಗೆ ತೋರಿಸಿ ಹೇಳಲು ನನ್ನ ಹತ್ತಿರ ಒಂದು ಕಾಗದವೂ ಇಲ್ಲ. ಈ ಪತ್ರಕ್ಕೆ ತಮ್ಮಿಂದ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪಾರ್ಶ್ವವಾಯು ರೋಗಿಯೊಬ್ಬರ ಮಗಳು